ನೋಡೂಣ್ರಿ ಕಾಕಾ

ಮುಂಜಾನೆ ಗೋಕಾಕದ ಬಸ್‌ಸ್ಟ್ಯಾಂಡಿಗೆ ಮೂಡಲಗಿಯ ಬಸ್ಸು ಬಂದು ನಿಂತರೆ ಕಾಲೇಜು ಹುಡುಗರ ಗುಂಪೊಂದು ಇಳಿಯುತ್ತದೆ. ಕೊನೆಯ ಸೆಮಿಸ್ಟರಿನವರು ಯಾರೆಂದು ಹೇಳುವುದು ಸುಲಭ. ಊರ ಹಿರಿಯರು ಎದುರಾದರೆ ಈ ಹುಡುಗರ ಕಣ್ಣು ಮೊಬೈಲಿಗೆ ಇಳಿಯುತ್ತದೆ. ಆದರೂ ಪ್ರಶ್ನೆ ತಪ್ಪುವುದಿಲ್ಲ.

"ಡಿಗ್ರಿ ಮುಗೀತ ಬಂತಲ್ಲೋ ತಮ್ಮಾ, ಮುಂದೇನು?"

"ನೋಡೂಣ್ರಿ ಕಾಕಾ."

ಇದನ್ನು ನಾವು ಅಳುಕು ಅನ್ನುತ್ತೇವೆ. ಇದೇ ಮಾತನ್ನು ಅವನ ಅಪ್ಪ ಮಳೆಯ ಬಗ್ಗೆ, ಕಬ್ಬಿನ ಬಿಲ್ಲಿನ ಬಗ್ಗೆ, ಹಿಡಕಲ್ ಡ್ಯಾಮಿನಿಂದ ಕಾಲುವೆಗೆ ನೀರು ಬಿಡುವ ದಿನದ ಬಗ್ಗೆ ಆಡಿದರೆ ಹಾಗನ್ನುವುದಿಲ್ಲ. ಅಪ್ಪ ನೋಡೂಣ ಅಂದು ಹೊಲಕ್ಕೆ ಹೋಗಿರುತ್ತಾನೆ. ಮಗನಿಗೆ ತನ್ನ ಹೊಲ ಯಾವುದೆಂದು ಇನ್ನೂ ಕಂಡಿಲ್ಲ, ಅಷ್ಟೇ.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರಿಗಾದರೂ ಕಂಡಿತ್ತೇ? ಬಡತನದಿಂದ ಓದು ನಿಂತೇಹೋಗಿತ್ತು. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಖರ್ಚು ವಹಿಸಿಕೊಂಡ ಮೇಲೆ ಮುಂದುವರಿಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ, 2010ರ ಜ್ಞಾನಪೀಠ, ಇವೆಲ್ಲ ಆಮೇಲಿನ ಮಾತು. ನಾವು ಸಾಧಕರ ಬದುಕನ್ನು ಪ್ರಶಸ್ತಿಯ ಕಡೆಯಿಂದ ಹಿಂದಕ್ಕೆ ಓದುತ್ತೇವೆ. ಆಗ ಎಲ್ಲವೂ ಮೊದಲೇ ಗೊತ್ತಿದ್ದಂತೆ ಕಾಣುತ್ತದೆ. ಶಾಲೆ ಬಿಟ್ಟ ಹುಡುಗನ ಕೈಯಲ್ಲಿ ಇದ್ದದ್ದು ಊರಿನ ಹಾಡು, ಬಯಲಾಟಗಳ ಹುಚ್ಚು. ಅದನ್ನು ಅರ್ಹತೆ ಎಂದು ಯಾವ ಅರ್ಜಿಯಲ್ಲಿ ಬರೆಯುವುದು? ಮುಂದೆ ಅವರ ನಾಟಕಗಳು ಎದ್ದು ನಿಂತದ್ದು ಅದರ ಮೇಲೆಯೇ.

ಈಗಿನ ಹುಡುಗರು ಗೆಳೆಯ ಹೋದನೆಂದು ಧಾರವಾಡದಲ್ಲಿ ಕೋಣೆ ಹಿಡಿದು ಪಿಎಸ್‌ಐ, ಪಿಡಿಒ ಪರೀಕ್ಷೆಗೆ ಕೂರುತ್ತಾರೆ. ಕೂರಲಿ, ತಪ್ಪಿಲ್ಲ. ಆದರೆ ತಮ್ಮ ಕೈಯಲ್ಲಿ ಈಗಾಗಲೇ ಏನಿದೆ ಎಂದು ಒಮ್ಮೆ ಎಣಿಸಿ ನೋಡಿದವರು ಕಡಿಮೆ.

ಹೋದ ತಿಂಗಳು ಬಿಕಾಂ ಓದುವ ಹುಕ್ಕೇರಿ ಕಡೆಯ ಹುಡುಗಿಯೊಬ್ಬಳು ಬಯೋಡಾಟಾ ತಂದು ತೋರಿಸಿದಳು. 'ಅನುಭವ' ಎಂಬಲ್ಲಿ ಏನೂ ಇರಲಿಲ್ಲ. ನಾನು ಹಾಳೆ ತಿರುಗಿ ಕೊಡುವಾಗ ಮೆಲ್ಲಗೆ ಕೇಳಿದಳು:

"ಸರ್, ನಮ್ಮೂರ ಹಾಲಿನ ಡೇರಿ ಲೆಕ್ಕಾ ನಾನ ಬರೀತೀನ್ರಿ. ಅದನ್ನ ಹಾಕಬಹುದೇನ್ರಿ?"

"ಎಷ್ಟು ದಿನದಿಂದ?"

"ಮೂರ ವರ್ಷ ಆತ್ರಿ."

ಹಾಕು ಅಂದೆ. ಅಲ್ಲೇ ಬೆಂಚಿನ ಮೇಲೆ ಕೂತು ಬರೆದಳು. ಪೆನ್ಸಿಲಿನಲ್ಲಿ.