ಕಿರುಪಣವೂ ಅಣುವ್ರತವೂ

ಆನ್‌ಲೈನ್ ಪೋಕರ್ ಆಟವನ್ನು ಒಂದೆರಡು ಸೆಂಟ್‌ಗಳ ಪಣವಿಟ್ಟು ಕಲಿಯತೊಡಗಿದವನಿಗೆ ಬಲ್ಲವರು ಹೇಳುವ ಮೊದಲ ಪಾಠವಿದು: ಬಂದ ಎಲೆಗಳನ್ನು ಬಹುಪಾಲು ಆಡದೆ ಬಿಟ್ಟುಬಿಡು. ಎರಡು ಎಕ್ಕಗಳು ಒಟ್ಟಿಗೆ ಕೈಗೆ ಬರುವುದು ಸರಾಸರಿ 221 ಬಾರಿಗೊಮ್ಮೆ, ತಾಳಿಕೊ. ಸೋತ ಸಿಟ್ಟಿನಲ್ಲಿ ಆಡಬೇಡ, ಅಂದಿಗೆ ಎದ್ದುಬಿಡು. ತಾಳ್ಮೆ, ತ್ಯಾಗ, ಕ್ರೋಧನಿಗ್ರಹ, ಇವು ನಮ್ಮ ವ್ರತಿಗಳ ಮಾತುಗಳೇ ಅಲ್ಲವೆ? ಹಾಗಾದರೆ ಪಣ ಅಲ್ಪವಾಗಿರುವಲ್ಲಿ ದೋಷವೇನೆಂದು ತರುಣರು ಕೇಳುವುದುಂಟು. ಪ್ರಶ್ನೆ ತಳ್ಳಿಹಾಕತಕ್ಕದ್ದಲ್ಲ.

ನಾಳಿನ ಪಾರಣೆಯ ಭೋಜನವನ್ನೇ ನೆನೆಯುತ್ತ ಇಂದು ಉಪವಾಸವಿರುವವನನ್ನು ನೋಡಿರಿ. ಅವನ ಹೊಟ್ಟೆ ಬರಿದು, ಬಯಕೆಯಾದರೋ ತುಂಬಿದೆ. ಆಟಗಾರನ ಸಂಯಮವೂ ಅಂತಹುದೇ. ಅವನು ಬಿಡುವುದು ಹೆಚ್ಚು ಪಡೆಯುವುದಕ್ಕಾಗಿ. ಮೇಲಾಗಿ ಅಲ್ಲಿ ಸಂಪತ್ತು ಹುಟ್ಟುವುದಿಲ್ಲ. ಒಬ್ಬನ ಗೆಲುವು ಇನ್ನೊಬ್ಬನ ನಷ್ಟ. ಅದರಲ್ಲಿಯೂ ಒಂದು ಪಾಲನ್ನು ಆಟ ನಡೆಸುವವರು ಮುರಿದುಕೊಳ್ಳುತ್ತಾರೆ.

ಅಲ್ಪಪಣ ಅಲ್ಪವಾಗಿಯೇ ಉಳಿಯುವುದೆಂಬ ಭರವಸೆಯೂ ಇಲ್ಲ. 2003ರಲ್ಲಿ ಅಮೆರಿಕದ ಲೆಕ್ಕಿಗನೊಬ್ಬನು 100 ಡಾಲರಿಗೂ ಕಡಿಮೆ ಹಣ ಕಟ್ಟಿ ಹೊರಟು 25 ಲಕ್ಷ ಡಾಲರ್ ಗೆದ್ದುದು ಲೋಕವಿಖ್ಯಾತ. ಸೋತವರ ಹೆಸರುಗಳನ್ನು ಯಾರೂ ಸಾರಲಿಲ್ಲ.

ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲಿಗೆ ಎಣಿಸಿದ ಹಿರಿಯರು ಪಣ ಇಷ್ಟಿದ್ದರೆ ದೋಷವಿಲ್ಲವೆನ್ನಲಿಲ್ಲ. ಭಾರತದಲ್ಲಿ ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಡೆಸದಂತೆ 2025ರಲ್ಲಿ ಸಂಸತ್ತು ಕಾಯಿದೆ ಮಾಡಿತು. ಕಾಯಿದೆ ಆಟದ ಮೇಜನ್ನು ಮುಚ್ಚೀತು, ಬಯಕೆಯನ್ನಲ್ಲ. ಕಿರಿದಾದ ಅಣುವ್ರತವು ಆತ್ಮವನ್ನು ಮೇಲೆತ್ತುವುದೆಂದು ನಂಬುವ ನಾವು, ಕಿರಿದಾದ ಪಣವು ಅದನ್ನು ಕೆಳಗೆಳೆಯದೆಂದು ಹೇಗೆ ನಂಬೋಣ? ತರುಣ ಬಂಧುಗಳೆ, ಎಲೆಗಳನ್ನು ಬಿಡಲು ಕಲಿತವರು ನೀವು. ಇನ್ನೊಂದು ಹೆಜ್ಜೆಯಿಟ್ಟು ಆಟವನ್ನೇ ಬಿಡಿರಿ.