ಕೇಳಿದ ಕಿವಿಯ ಹೊಣೆ

ಹಿತ್ತಿಲಲ್ಲಿ ನಾಲ್ಕು ತೆಂಗಿನ ಮರಗಳುಳ್ಳವನು ಕೆಂಪು ಮೂತಿ ಹುಳುವಿನ ಕಾಟವನ್ನು ಬಲ್ಲನು. ಮರದ ಮೈಯಲ್ಲಿ ಕತ್ತಿಯ ಗಾಯವಾಗಲಿ ಕುರುವಾಯಿ ಕೊರೆದ ತೂತಾಗಲಿ ಇದ್ದರೆ ಹೆಣ್ಣು ಹುಳುವು ಅಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳುಗಳು ಒಳಹೊಕ್ಕು ಮೆದುವಾದ ತಿರುಳನ್ನು ತಿನ್ನುತ್ತವೆ. ಹೊರಗೆ ಗರಿಗಳು ಹಸುರಾಗಿಯೇ ಇರುತ್ತವೆ. ಸುಳಿಯು ಬಾಡಿ ವಾಲಿದಾಗ ಒಡೆಯನು ಎಚ್ಚರಗೊಳ್ಳುತ್ತಾನೆ. ಆದರೆ ಆಗ ಬಹುಮಟ್ಟಿಗೆ ಕಾಲವು ಮೀರಿರುತ್ತದೆ. ಆದದರಿಂದ ಅನುಭವಸ್ಥರಾದ ತೋಟಗಾರರು ಕಾಂಡಕ್ಕೆ ಕಿವಿಯಿಟ್ಟು, ಒಳಗೆ ಅಗಿಯುವ ಕರಕರ ಶಬ್ದವು ಉಂಟೋ ಎಂದು ಪರೀಕ್ಷಿಸುವುದುಂಟು.

ದಕ್ಷಿಣ ಏಷ್ಯದ ಈ ಹುಳುವು ೧೯೮೦ರ ದಶಕದಲ್ಲಿ ಅರಬಿ ನಾಡುಗಳನ್ನು ಸೇರಿ, ಅಲ್ಲಿನ ಖರ್ಜೂರದ ಮರಗಳಿಗೆ ಶತ್ರುವಾಯಿತು. ಸೌದಿ ಅರೇಬಿಯದ ಅಲ್-ಅಹ್ಸಾ ಎಂಬ ಒಂದು ಮರುವನದಲ್ಲಿಯೇ ಸುಮಾರು ೨೫ ಲಕ್ಷ ಖರ್ಜೂರದ ಮರಗಳಿವೆ. ಅಷ್ಟು ಮರಗಳಿಗೆ ಯಾರು ಕಿವಿಯಿಟ್ಟಾರು? ಹೀಗಿರಲಾಗಿ, ಆ ದೇಶದ ಥುವಲ್‌ನಲ್ಲಿರುವ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾಲಯದ ಪಂಡಿತರು ೨೦೨೦ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದರು. ಅದೇನಂದರೆ, ಕೂದಲಿನಂಥ ಗಾಜಿನ ಎಳೆಯನ್ನು ಮರದಿಂದ ಮರಕ್ಕೆ ಸುತ್ತಿ, ಅದರಲ್ಲಿ ಲೇಸರ್ ಬೆಳಕನ್ನು ಬಿಡುವುದು. ಮರಿಹುಳು ಅಗಿದರೆ ಎಳೆಯು ಅದುರುತ್ತದೆ. ಹಿಂದಿರುಗುವ ಬೆಳಕು ಮಾರ್ಪಡುತ್ತದೆ. ಅದರಿಂದ ಕೇಡು ಯಾವ ಮರದಲ್ಲಿದೆ ಎಂಬದು ತಿಳಿಯುತ್ತದೆ. ಕಾಂಡದಲ್ಲಿ ನೆಟ್ಟು, ಒಳಗಿನ ಅದುರುವಿಕೆಯನ್ನು ಒಡೆಯನ ಮೊಬೈಲಿಗೆ ತಿಳಿಸುವ ಚಿಕ್ಕ ಸಂವೇದಕಗಳೂ ಬಂದಿವೆ.

ಇಂಥ ಯಂತ್ರಗಳು ತೋಟಗಾರನನ್ನು ಸೋಮಾರಿಯಾಗಿ ಮಾಡುವವೆಂದು ಕೆಲವರು ಹೇಳುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ಸತ್ಯವಿದ್ದರೂ ಇರಬಹುದು. ಆದರೆ ನನಗೆ ಇದಕ್ಕಿಂತ ಭಾರವಾದ ಇನ್ನೊಂದು ಪ್ರಶ್ನೆಯು ತೋರುತ್ತದೆ: ತಿಳಿದುಕೊಂಡವನು ಏನು ಮಾಡಬೇಕು?

ಪ್ರಿಯ ವಾಚಕರೇ, ಒಂದೇ ಗೋಡೆಯ ಎರಡು ಕಡೆಗಳಲ್ಲಿ ತೋಟವುಳ್ಳ ಇಬ್ಬರನ್ನು ಭಾವಿಸಿಕೊಳ್ಳಿರಿ. ಒಬ್ಬನ ಮರವು ಹುಳುವಿನಿಂದ ಸತ್ತಿತು; ಅದರಿಂದ ಹೊರಟ ಹುಳುಗಳು ಗೋಡೆಯನ್ನು ಹಾರಿ ನೆರೆಯವನ ಮರಗಳನ್ನೂ ಕೊಂದವು. "ನನಗೆ ತಿಳಿದಿರಲಿಲ್ಲ" ಎಂದು ಅವನು ಹೇಳಿದರೆ ನಾವು ಅವನನ್ನು ಕ್ಷಮಿಸುವೆವು. ಈಗ ಅವನೇ ಸಂವೇದಕವನ್ನು ನೆಟ್ಟಿದ್ದಾನೆಂದು ಎಣಿಸಿರಿ. ಮೂರನೆಯ ಮರದಲ್ಲಿ ಹುಳುವಿದೆ ಎಂಬ ಸುದ್ದಿಯು ರಾತ್ರಿಯಲ್ಲಿ ಬಂತು. ಆ ಮರದ ತುಂಬಾ ಗೊನೆಗಳಿವೆ. ಔಷಧ ಹಾಕಿದರೆ ಹಣವೂ ಬೇಕು, ಫಲವೂ ಕೈತಪ್ಪಬಹುದು. ಕೊಯ್ಲು ಮುಗಿಯಲಿ ಎಂದು ಅವನು ಸುಮ್ಮನಿದ್ದನು. ನೆರೆಯವನಿಗೆ ಆದ ನಷ್ಟವು ಎರಡು ಸಾರಿಯೂ ಒಂದೇ. ಆದರೆ ಮೊದಲನೆಯ ಸಾರಿ ಅದನ್ನು ಮಾಡಿದ್ದು ಹುಳು. ಎರಡನೆಯ ಸಾರಿ ಹುಳುವಿನೊಂದಿಗೆ ಒಬ್ಬ ಮನುಷ್ಯನೂ ಸೇರಿದನು.

"ಮರವು ನನ್ನದು, ಯಂತ್ರವು ನನ್ನದು, ಆದದರಿಂದ ಸುದ್ದಿಯೂ ನನ್ನದೇ" ಎಂದು ಅವನು ಹೇಳಬಹುದು. ನಡುರಾತ್ರಿಯಲ್ಲಿ ತನ್ನ ಬಣವೆಗೆ ಕಿಡಿ ಬಿದ್ದದ್ದನ್ನು ಕಂಡವನು ಹಾಗೆ ಹೇಳಿ ಮಲಗಬಹುದೋ? ಹುಲ್ಲು ಅವನದೇ, ಆದರೆ ಬೆಂಕಿಯ ಸುದ್ದಿಯು ಹುಲ್ಲುಮಾಡಿನ ಮನೆಗಳವರೆಲ್ಲರದು. ಅಪಾಯವು ಎಲ್ಲಿಯ ವರೆಗೆ ಹೋಗುವದೋ ಅಲ್ಲಿಯ ವರೆಗೆ ಅದನ್ನು ಕುರಿತ ತಿಳುವಳಿಕೆಯೂ ಹೋಗತಕ್ಕದ್ದು.

ಆದರೆ ನ್ಯಾಯಕ್ಕೆ ಇನ್ನೊಂದು ಮುಖವೂ ಉಂಟು. ಸತ್ಯವನ್ನು ಹೇಳಿದವನೇ ನಷ್ಟವನ್ನೆಲ್ಲಾ ಹೊರಬೇಕಾದರೆ, ಬಡವನು ತನ್ನ ಬಾಯಿಯನ್ನು ಮುಚ್ಚಿಕೊಳ್ಳುವನು. ನಿಂತಿರುವ ಮರವನ್ನು ಕಡಿದು ಸುಟ್ಟು ಹತ್ತು ತೋಟಗಳನ್ನು ಉಳಿಸಿದವನಿಗೆ ಆ ಹತ್ತು ತೋಟದವರು ಸಾಲಗಾರರಲ್ಲವೇ? ಕೂಲಿಯಲ್ಲಿ ಪಾಲು ಕೊಡುವದೂ ಒಂದು ಸಸಿಯನ್ನು ತಂದು ನೆಡುವದೂ ಅವರ ಧರ್ಮವು. ಅವನನ್ನು ಹಂಗಿಸುವ ಊರಿನಲ್ಲಿ ಎಂಥ ಯಂತ್ರವಿದ್ದರೂ ಪ್ರಯೋಜನವಿಲ್ಲ.

ಯಂತ್ರಕ್ಕೆ ಕಿವಿಯನ್ನು ಕೊಡಬಹುದು, ಮನಸ್ಸಾಕ್ಷಿಯನ್ನು ಕೊಡಲಾಗದು. ನಮ್ಮ ಹಿತ್ತಿಲುಗಳಿಗೆ ಆ ಗಾಜಿನ ಎಳೆಯು ಬಾರದಿದ್ದರೂ ಕಿವಿಯು ನಮಗೂ ಉಂಟು. ನಾಳೆ ಮರದ ಗಾಯವನ್ನು ಕಂಡರೆ ಮುಚ್ಚಿರಿ, ಕಾಂಡಕ್ಕೆ ಕಿವಿಯಿಡಿರಿ, ಒಳಗೆ ಸದ್ದು ಕೇಳಿದರೆ ಹೊತ್ತು ಮುಳುಗುವದರೊಳಗೆ ನೆರೆಯವನ ಬಾಗಿಲಿಗೆ ಹೋಗಿರಿ. ಅವನೇ ಬಂದು ಹೇಳಿದರೆ, ಬೈಯದೆ ಕತ್ತಿಯನ್ನು ತೆಗೆದುಕೊಂಡು ಅವನ ಸಂಗಡ ಹೊರಡಿರಿ.