ಮೋಡ ನೋಡುವವರ ಋಣ

ಹೇಮಾವತಿ ಹುಟ್ಟುವ ಜಾವಳಿಯಿಂದ ಬಲ್ಲಾಳರಾಯನ ದುರ್ಗದ ಪಡುವಣ ಅಂಚಿಗೆ ಹೋಗಿ ನಿಂತರೆ, ಮುಂಗಾರಿನ ಹೊತ್ತಿಗೆ ಅರಬ್ಬಿ ಸಮುದ್ರದ ಮೋಡಗಳು ಕಾಲ ಕೆಳಗಿನಿಂದಲೇ ಏರಿಬರುತ್ತವೆ. ಮೂಡಣ ಇಳಿಜಾರಿಗೆ ಬಿದ್ದ ಹನಿ ಹೇಮಾವತಿಯಿಂದ ಕಾವೇರಿಗೆ, ಅಲ್ಲಿಂದ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಣಕ್ಕೆ ಬಿದ್ದದ್ದು ನೇತ್ರಾವತಿಯ ಪಾಲಾಗಿ, ಬಂದ ಕಡಲಿಗೇ ಮರಳುತ್ತದೆ. ಈ ನೋಟಕ್ಕೆ ನಾನು ಮನಸೋತಿದ್ದೇನೆ. ಆದರೆ ಹೀಗೆ ಮನಸೋಲಲು ನನಗೆ ಅವಕಾಶ ಕೊಟ್ಟದ್ದು ಯಾವುದು?

ಜರ್ಮನ್ ತತ್ವಜ್ಞಾನಿ ಕಾಂಟ್ 1790ರಲ್ಲೇ ಇದಕ್ಕೊಂದು ಉತ್ತರ ಕೊಟ್ಟಿದ್ದಾನೆ: ಗುಡುಗು, ಬಿರುಗಾಳಿಗಳ ಭವ್ಯತೆ ನಮ್ಮನ್ನು ಸೆಳೆಯಬೇಕಾದರೆ ನಾವು ಸುರಕ್ಷಿತ ಜಾಗದಲ್ಲಿರಬೇಕು. ಕೆಳಗಿನ ಕಾಫಿ ತೋಟದವರಿಗೆ ಅಂಥ ಜಾಗವಿಲ್ಲ. ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ಹೂ ಸರಿಯಾಗಿ ಅರಳದು. ಡಿಸೆಂಬರಿನಲ್ಲಿ ಮಳೆ ಬಂದರೆ ಕಣದ ಕಾಫಿ ಒಣಗದು. 2019ರ ಆಗಸ್ಟ್‌ನಲ್ಲಂತೂ ಇದೇ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಜರಿದವು. ಅವರೂ ಮೋಡ ನೋಡುತ್ತಾರೆ, ನನಗಿಂತ ಹೆಚ್ಚು ಗಮನವಿಟ್ಟು.

ಹಾಗಾದರೆ ನನ್ನ ಆನಂದ ತಪ್ಪೇ? ಹಾಗನಿಸುವುದಿಲ್ಲ. ನಾನು ಕಣ್ಣು ಮುಚ್ಚಿಕೊಂಡರೆ ಯಾರ ಗುಡ್ಡವೂ ಉಳಿಯದು. ತಪ್ಪಿರುವುದು, ಮೋಡದ ಚೆಲುವು ಕಂಡವನು ರಸಿಕ, ಮಳೆಯ ಲೆಕ್ಕ ಹಾಕುವವನು ಬರೀ ವ್ಯವಹಾರಸ್ಥ ಎಂದು ವಿಂಗಡಿಸುವುದರಲ್ಲಿ. ನನ್ನ ರಸಿಕತೆಯಲ್ಲಿ ಅರ್ಧ ಪಾಲು ನನ್ನ ಸುರಕ್ಷತೆಯದು. ಅದನ್ನು ಒಪ್ಪಿಕೊಂಡ ಮೇಲೆ, ಆ ಮೋಡ ಯಾರ ಸೂರಿನ ಮೇಲೆ ಸುರಿಯಲಿದೆ ಎಂದು ಕೇಳುವುದೂ ನೋಟದ ಭಾಗವೇ ಆಗುತ್ತದೆ.